ಮೀಯಿಸುವ ಹೊಳೆ, ಹಾಡಿಸುವ ಹೊಳೆ

ಕೊಡಗಿನ ಬೆಟ್ಟಗಳನ್ನು ಇಳಿದು ಶಿರಂಗಾಲ ದಾಟಿದ ಮೇಲೆ ಕಾವೇರಿಯ ನಡಿಗೆಯೇ ಬದಲಾಗುತ್ತದೆ. ಅಲ್ಲಿಯವರೆಗೆ ಕಾಫಿ ತೋಟಗಳ ನಡುವೆ ಬಂಡೆಗಳನ್ನು ಬಳಸಿ ಅವಸರದಲ್ಲಿ ಬಂದವಳು ಹಾಸನ ಜಿಲ್ಲೆಯ ಅರಕಲಗೂಡು ಸೀಮೆಗೆ ಕಾಲಿಟ್ಟೊಡನೆ ಅಗಲವಾಗುತ್ತಾಳೆ, ನಿಧಾನವಾಗುತ್ತಾಳೆ. ಆ ನಿಧಾನವನ್ನೇ ನಂಬಿ ಅವಳ ದಡದಲ್ಲಿ ಊರುಗಳು ಹುಟ್ಟಿವೆ: ಕೊಣನೂರು, ಕಟ್ಟೇಪುರ, ರಾಮನಾಥಪುರ, ಬಸವಾಪಟ್ಟಣ, ರುದ್ರಪಟ್ಟಣ, ಕೇರಳಾಪುರ. ಊರಿಗೊಂದು ದೇವಸ್ಥಾನ, ದೇವಸ್ಥಾನದ ಹಿಂದೆ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು. ತುಲಾ ಮಾಸದಲ್ಲಿ ಈ ಮೆಟ್ಟಿಲುಗಳನ್ನು ನೋಡಬೇಕು ಎಂಬುದು ನನ್ನ ಬಹುಕಾಲದ ಆಸೆ. ಅಕ್ಟೋಬರ್ ನಡುವಿನಲ್ಲಿ ತಲಕಾವೇರಿಯಲ್ಲಿ ತೀರ್ಥೋದ್ಭವವಾದ ದಿನದಿಂದ ಒಂದು ತಿಂಗಳು ಹೊಳೆಯಲ್ಲಿ ಮೀಯುವುದು ಕಾವೇರಿ ದಡದವರಿಗೆ ತಲೆತಲಾಂತರದಿಂದ ಬಂದ ವ್ರತ. ಆ ತಿಂಗಳಲ್ಲೇ ಹಾಸನದಿಂದ ಅರಕಲಗೂಡಿನ ಬಸ್ಸು ಹತ್ತಿದೆ.

ಜಗತ್ತಿನಲ್ಲಿ ಸ್ನಾನಕ್ಕೆಂದೇ ಹೆಸರಾದ ಪಟ್ಟಣಗಳು ಬಹಳ. 2021ರಲ್ಲಿ ಯುನೆಸ್ಕೊ ಯುರೋಪಿನ 11 ಸ್ನಾನದ ಪಟ್ಟಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಗ್ಲೆಂಡಿನ ಬಾತ್, ಜರ್ಮನಿಯ ಬಾಡೆನ್‌ಬಾಡೆನ್, ಜೆಕ್ ದೇಶದ ಕಾರ್ಲೊವಿ ವಾರಿ ಅವುಗಳಲ್ಲಿ ಸೇರಿವೆ. ನೆಲದೊಳಗಿನಿಂದ ಉಕ್ಕುವ ಖನಿಜದ ನೀರು, ಅದರ ಸುತ್ತ ಸ್ನಾನಗೃಹ, ಉದ್ಯಾನ, ಮೀಯಲು ಬಂದವರಿಗೆಂದು ವಾದ್ಯಗೋಷ್ಠಿ. ಕವಿ ಗಯಟೆ ಮತ್ತು ಸಂಗೀತಗಾರ ಬೀಥೋವನ್ 1812ರಲ್ಲಿ ಭೇಟಿಯಾದದ್ದು ಬೊಹೀಮಿಯಾದ ಟೆಪ್ಲಿಟ್ಸ್ ಎಂಬ ಇಂಥದೇ ಊರಿನಲ್ಲಿ. ನಮ್ಮ ಕಾವೇರಿ ಕಣಿವೆಯಲ್ಲಿ ಬಿಸಿನೀರಿನ ಬುಗ್ಗೆಯಿಲ್ಲ, ಸ್ನಾನಗೃಹದ ಕಮಾನುಗಳೂ ಇಲ್ಲ. ಆದರೆ ಮೀಯಲು ಬರುವ ಜನ, ಮೈಯ ಕಾಯಿಲೆ ಕಳೆಯುತ್ತದೆಂಬ ನಂಬಿಕೆ, ನೀರಿನ ಪಕ್ಕದಲ್ಲೇ ಬೆಳೆದ ಸಂಗೀತ ಮೂರೂ ಇವೆ. ಅವು ಒಂದೇ ಹೊಳೆಯ ದಡದಲ್ಲಿ ಹೇಗೆ ಕೂಡಿಬಂದವು ಎಂಬುದನ್ನು ಕಣ್ಣಾರೆ ಕಂಡದ್ದೇ ಈ ಪ್ರಯಾಣದ ಲಾಭ.

ಅರಕಲಗೂಡು ಬಿಟ್ಟೊಡನೆ ರಸ್ತೆಯ ಎರಡೂ ಕಡೆ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳು ಕಾಣುತ್ತವೆ. ಕಿಟಕಿಯೇ ಇಲ್ಲವೆನ್ನುವಂಥ ಎತ್ತರದ ಗೋಡೆ, ಪಕ್ಕದಲ್ಲಿ ಒಟ್ಟಿದ ಸೌದೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಈ ತಿಂಗಳುಗಳಲ್ಲಿ ಟ್ರ್ಯಾಕ್ಟರುಗಳ ತುಂಬ ಬೇಲುಗಳು ಅತ್ತ ಹೋಗುತ್ತಿರುತ್ತವೆ. ಮಳೆ ನಂಬಿದ ಹೊಲಗಳ ಈ ಕಂದು ಬಣ್ಣ ಕಾವೇರಿ ಹತ್ತಿರವಾದಂತೆ ತಟ್ಟನೆ ಹಸಿರಿಗೆ ತಿರುಗುತ್ತದೆ. ಭತ್ತದ ಗದ್ದೆ, ತೆಂಗು, ಅಡಿಕೆ. ಈ ಹಸಿರಿನ ಹಿಂದಿರುವುದು ಕಟ್ಟೇಪುರದ ಕೃಷ್ಣರಾಜ ಕಟ್ಟೆ. ಅಣೆಕಟ್ಟು ಎಂದೊಡನೆ ಕಣ್ಣಿಗೆ ಬರುವ ಎತ್ತರದ ಗೋಡೆ ಅಲ್ಲಿಲ್ಲ. ಹೊಳೆಗೆ ಅಡ್ಡಲಾಗಿ ಹಾಕಿದ ತಗ್ಗು ಕಟ್ಟೆ ನೀರಿನ ಮಟ್ಟವನ್ನು ತುಸುವೇ ಏರಿಸುತ್ತದೆ. ಏರಿದ ನೀರು ಎಡದಂಡೆ, ಬಲದಂಡೆಯ ನಾಲೆಗಳಿಗೆ ತಾನಾಗಿ ಹೊರಳುತ್ತದೆ. ಮಿಕ್ಕಿದ್ದು ಕಟ್ಟೆಯ ನೆತ್ತಿಯ ಮೇಲೆ ಹಾಲಿನಂತೆ ಉಕ್ಕಿ ಕೆಳಗಿಳಿದು ತನ್ನ ದಾರಿ ಹಿಡಿಯುತ್ತದೆ. ಮೋಟರಿಲ್ಲ, ಪಂಪಿಲ್ಲ. ಹೊಳೆಯನ್ನು ನಿಲ್ಲಿಸದೆಯೇ ಅದರಿಂದ ಬೇಕಾದಷ್ಟು ಕೇಳಿ ಪಡೆಯುವ ಆ ಜಾಣ್ಮೆಯನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕಟ್ಟೇಪುರಕ್ಕೂ ಕೊಣನೂರಿಗೂ ನಡುವೆ ಹೊಳೆಯ ಮೇಲೊಂದು ತೂಗುಸೇತುವೆಯಿದೆ. ಶಾಲೆಯ ಮಕ್ಕಳು ಅದರ ಮೇಲೆ ಓಡುವಾಗ ಸೇತುವೆಯೂ ಅವರೊಂದಿಗೆ ಕುಣಿಯುತ್ತದೆ. ಕೆಳಗೆ ಕಾವೇರಿ ತುಂಬಿ ಹರಿಯುತ್ತಿರುತ್ತಾಳೆ.

ರಾಮನಾಥಪುರಕ್ಕೆ ಬಂದಾಗ ಬೆಳಗಿನ ಬಿಸಿಲು ಇನ್ನೂ ನೀರಿಗೆ ತಾಗಿರಲಿಲ್ಲ. ರಾವಣನನ್ನು ಕೊಂದ ದೋಷ ಕಳೆದುಕೊಳ್ಳಲು ರಾಮ ಇಲ್ಲಿ ಲಿಂಗ ಪ್ರತಿಷ್ಠೆ ಮಾಡಿದನೆಂಬುದು ಸ್ಥಳಪುರಾಣ. ರಾಮೇಶ್ವರ ದೇವಾಲಯ ಹೊಳೆಗೆ ಬೆನ್ನು ತಾಗುವಷ್ಟು ಹತ್ತಿರದಲ್ಲಿದೆ. ಪ್ರಸನ್ನ ಸುಬ್ರಹ್ಮಣ್ಯನ ಗುಡಿಗೆ ಹರಕೆ ಹೊತ್ತವರು ದೂರದೂರದಿಂದ ಬರುತ್ತಾರೆ. ಚಂಪಾಷಷ್ಠಿಯಲ್ಲಿ ಇಲ್ಲಿ ತೇರು, ಅದರ ಹಿಂದೆಮುಂದೆ ದೊಡ್ಡ ಜಾತ್ರೆ. ಚರ್ಮರೋಗ, ಸರ್ಪದೋಷ, ಮಕ್ಕಳಿಲ್ಲದ ಕೊರಗು, ಹೀಗೆ ಮನುಷ್ಯರ ನೋವೆಲ್ಲ ಈ ಮೆಟ್ಟಿಲಿನ ಮೇಲೆ ಒದ್ದೆ ಬಟ್ಟೆಯಲ್ಲಿ ನಿಲ್ಲುತ್ತದೆ. ಬಂಡೆಗಳ ನಡುವೆ ಗೋಗರ್ಭ, ಗಾಯತ್ರಿ ಶಿಲೆ ಎಂದು ಹೆಸರಿಟ್ಟ ಜಾಗಗಳಿವೆ. ಕಲ್ಲಿಗೂ ಮಡುವಿಗೂ ಹೆಸರಿಟ್ಟು ಗುರುತು ಹಿಡಿದ ಜನ ಹೊಳೆಯೊಡನೆ ಎಷ್ಟು ಕಾಲ ಬಾಳಿರಬೇಕು!

ಮೆಟ್ಟಿಲಿಳಿದು ಇನ್ನೇನು ಕಾಲು ನೀರಿಗಿಡಬೇಕು, ಪಕ್ಕದಲ್ಲಿ ತಾಮ್ರದ ಚೊಂಬು ತಿಕ್ಕುತ್ತಿದ್ದ ಅಜ್ಜಿ ತಡೆದರು.

‘ಮೊದ್ಲು ಕಾಲಿಡಬಾರ್ದು ಮಗ. ಬಗ್ಗಿ ಬೊಗಸೇಲಿ ನೀರು ತಗೊಂಡು ತಲೆ ಮೇಲೆ ಹಾಕ್ಕೊ. ಆಮೇಲೆ ಇಳಿ. ಅವಳು ತಾಯಿ ಕಣಪ್ಪ.’

‘ದಿನಾ ಬರ್ತೀರಾ ಅಜ್ಜಿ?’

‘ಈ ತಿಂಗ್ಳು ದಿನಾ. ಆಮೇಲೆ ಕೈಕಾಲು ಕೇಳ್ದಂಗೆ.’

ಹೇಳಿದಂತೆ ಮಾಡಿದೆ. ನೆತ್ತಿಯ ಮೇಲೆ ಬಿದ್ದ ನೀರು ಬೆನ್ನುಮೂಳೆಯುದ್ದ ಇಳಿದು ಮೈ ಜುಮ್ಮೆಂದಿತು. ಸೊಂಟದವರೆಗೆ ಇಳಿದಾಗ ಹೊಳೆ ಮೆಲ್ಲಗೆ ಪಕ್ಕಕ್ಕೆ ತಳ್ಳುತ್ತಿರುವುದು ಗೊತ್ತಾಗುತ್ತದೆ. ಮುಳುಗಿದರೆ ಕಿವಿಯೊಳಗೆ ಒಂದೇ ಸಮನಾದ ಮೊರೆತ. ಮೂರು ಮುಳುಗು ಹಾಕಿ ಮೇಲೆದ್ದಾಗ ಅಜ್ಜಿ ಅರಿಶಿನ ಕುಂಕುಮ ನೀರಿಗೆ ಬಿಟ್ಟು, ಚೊಂಬು ತುಂಬಿಕೊಂಡು ಮೆಟ್ಟಿಲು ಹತ್ತುತ್ತಿದ್ದರು.

ದೇವಾಲಯದ ಬಳಿಯ ಆಳದ ಮಡುವಿಗೆ ವಹ್ನಿಪುಷ್ಕರಿಣಿ ಎಂದು ಹೆಸರು. ಕಡ್ಲೆಪುರಿಯ ಪೊಟ್ಟಣ ಬಿಚ್ಚಿ ಒಂದು ಹಿಡಿ ಎಸೆದೆ. ಕ್ಷಣಮಾತ್ರ ಏನೂ ಇಲ್ಲ. ಆಮೇಲೆ ಹಸಿರು ನೀರಿನಡಿ ಏನೋ ಕಪ್ಪಾಗಿ ಸರಿದಾಡಿತು. ಮರುಕ್ಷಣ ನೀರೇ ಕುದಿಯತೊಡಗಿದಂತೆ ಮೀನುಗಳು ಮೇಲೆದ್ದವು. ಮೊಳದುದ್ದದವು, ಅದಕ್ಕಿಂತ ದೊಡ್ಡವು, ಬೆನ್ನಿನ ಒಂದೊಂದು ಹುರುಪೆಯೂ ಎಣಿಸುವಷ್ಟು ದೊಡ್ಡದು. ದುಂಡಗೆ ತೆರೆದ ಬಾಯಿಗಳು ಪುರಿಯನ್ನು ಸೆಳೆದುಕೊಳ್ಳುವ ಚಪಚಪ ಸದ್ದು, ತಿರುಗುವಾಗ ಬಾಲ ಬಡಿದು ಮುಖಕ್ಕೆ ಸಿಡಿದ ನೀರು. ಇಲ್ಲಿ ಯಾರೂ ಬಲೆ ಹಾಕುವುದಿಲ್ಲ, ಗಾಳ ಬಿಡುವುದಿಲ್ಲ. ಇವು ದೇವರ ಮೀನು. ತುಂಗೆಯ ಶೃಂಗೇರಿಯಲ್ಲಿ, ಕಪಿಲೆಯ ಶಿಶಿಲದಲ್ಲಿ ಇರುವಂಥದೇ ಅಭಯ. ಮಹಶೀರ್‌ನಂಥ ದೊಡ್ಡ ಹೊಳೆಮೀನುಗಳು ಎಷ್ಟೋ ಕಡೆ ಕಾಣದಂತಾಗಿರುವ ಕಾಲದಲ್ಲಿ ಇಂಥ ಮಡುಗಳು ಅವುಗಳ ಪಾಲಿಗೆ ಉಳಿದ ತವರು. ಮೀನಿನ ಜೀವಶಾಸ್ತ್ರ ಬರೆಯುವುದಕ್ಕೂ ಮುಂಚೆ ಭಕ್ತಿಯೇ ಇಲ್ಲಿ ಕಾವಲುಗಾರನ ಕೆಲಸ ಮಾಡಿದೆ.

ಆದರೆ ಅದೇ ಭಕ್ತಿ ಮೆಟ್ಟಿಲಿನ ಮೇಲೆ ಬಿಟ್ಟುಹೋದದ್ದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ದೋಷ ಕಳೆಯಲೆಂದು ನೀರಿನಲ್ಲಿ ಬಿಟ್ಟ ಬಟ್ಟೆಗಳು ಬಂಡೆಗೆ ಸುತ್ತಿಕೊಂಡಿದ್ದವು; ಶಾಂಪೂ ಪ್ಯಾಕೆಟ್ಟು, ಕರ್ಪೂರದ ಡಬ್ಬಿ. ತಾಯಿ ಎಂದು ಮೊದಲು ನೆತ್ತಿಗೆ ಹಚ್ಚಿಕೊಂಡ ನೀರು ಇದು. ಮುನಿದರೆ ಇವಳ ಶಕ್ತಿ ಎಂಥದೆಂಬುದೂ ಊರಿಗೆ ಗೊತ್ತು: 2018 ಮತ್ತು 2019ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸುರಿದ ಮಳೆಗೆ ರಾಮನಾಥಪುರದ ದಡದ ಮನೆಗಳಿಗೆಲ್ಲ ಹೊಳೆ ನುಗ್ಗಿತ್ತು. ಹಳೆಯ ಬಟ್ಟೆಯನ್ನು ಮನೆಗೆ ಒಯ್ಯುವುದು ಅಷ್ಟೇನೂ ಕಷ್ಟದ ಪೂಜೆಯಲ್ಲ.

ಅಲ್ಲಿಂದ ರುದ್ರಪಟ್ಟಣ. ದೊಡ್ಡ ಊರಲ್ಲ, ರಸ್ತೆಯಿಂದ ನೋಡಿದರೆ ಹತ್ತರಲ್ಲೊಂದು ಹಳ್ಳಿ. ಆದರೆ ಕರ್ನಾಟಕ ಸಂಗೀತ ಬಲ್ಲವರಿಗೆ ಹೆಸರಿನ ಮುಂದಿನ ‘ಆರ್’ ಎಂಬ ಒಂದೇ ಅಕ್ಷರ ಸಾಕು. ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಇಲ್ಲಿ. ಆಕಾಶವಾಣಿಯಲ್ಲಿ ದುಡಿದು, ನೂರಾರು ಶಿಷ್ಯರನ್ನು ಬೆಳೆಸಿ, ತೊಂಬತ್ತು ದಾಟಿದ ಮೇಲೂ ಕಛೇರಿಗೆ ಕುಳಿತರೆ ಶ್ರುತಿ ಕದಲದಂತೆ ಹಾಡಿದವರು. ಪದ್ಮಭೂಷಣ, ಸಂಗೀತ ಕಲಾನಿಧಿ ಎರಡೂ ಸಂದವರು. ಅವರ ಸೋದರ ಆರ್.ಕೆ. ವೆಂಕಟರಾಮಾಶಾಸ್ತ್ರಿ ಪಿಟೀಲು ವಿದ್ವಾಂಸರು. ಏಳು ತಂತಿಯ ಪಿಟೀಲು ನುಡಿಸಿದ ಆರ್.ಆರ್. ಕೇಶವಮೂರ್ತಿ ಇಲ್ಲಿಯವರು. ವೀಣೆಯ ಆರ್.ಕೆ. ಸೂರ್ಯನಾರಾಯಣ, ರುದ್ರಪಟ್ಟಣಂ ಸಹೋದರರೆಂದೇ ಪ್ರಸಿದ್ಧರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಆರ್.ಕೆ. ಪದ್ಮನಾಭ. ಒಂದು ಹಳ್ಳಿ, ಇಷ್ಟು ಕಂಠಗಳು, ಇಷ್ಟು ತಂತಿಗಳು!

ಇವರಲ್ಲಿ ಹೆಚ್ಚಿನವರು ಸಂಕೇತಿ ಸಮುದಾಯದವರು. ನಾಚಾರಮ್ಮ ಎಂಬ ವಿದುಷಿ ಅವಮಾನಕ್ಕೊಳಗಾಗಿ ಊರು ತೊರೆದಳು, ಸೆಂಗೋಟೆಯ ಕಡೆಯಿಂದ ಅವಳ ಹಿಂದೆ ಹೊರಟುಬಂದವರ ಸಂತತಿ ನಾವು ಎಂಬ ಕಥೆ ಅವರ ಮನೆಗಳಲ್ಲಿದೆ. ತಮಿಳು, ಮಲಯಾಳಗಳ ಸೊಗಡಿಗೆ ಕನ್ನಡ ಬೆರೆತ ಮಾತು ಅವರದು. ಬೆಟ್ಟದಪುರ, ಕೌಶಿಕ, ಈ ಕಾವೇರಿ ದಡ, ಅತ್ತ ತುಂಗೆಯ ದಡದ ಮತ್ತೂರು ಹೊಸಹಳ್ಳಿ, ಹೀಗೆ ನೆಲೆಯಾದ ಕಡೆಯಲ್ಲೆಲ್ಲ ಅಡಿಕೆ ತೋಟವನ್ನೂ ವೇದವನ್ನೂ ಒಟ್ಟಿಗೆ ಬೆಳೆಸಿದರು. ದಿನದ ಮೊದಲ ಕೆಲಸ ಹೊಳೆಯ ಸ್ನಾನ, ಎರಡನೆಯದು ಬಾಯಿತುಂಬ ಮಂತ್ರ. ಸ್ವರ ತಪ್ಪಿದರೆ ಅರ್ಥವೇ ಕೆಡುತ್ತದೆಂದು ಎಳವೆಯಿಂದ ಕಲಿತ ಕಿವಿಗೆ ರಾಗ ದೂರದ್ದಾಗಲಾರದು.

ನಾನು ಹೊಳೆಗಿಳಿದಾಗ ಬೀದಿಯಾಚೆಯ ಯಾವುದೋ ಮನೆಯಿಂದ ಮಗುವೊಂದು ಸಂಗೀತದ ಮೊದಲ ಪಾಠವಾದ ಸರಳೆವರಿಸೆ ಹೇಳುವುದು ಕೇಳಿಸಿತು. ಮಾಯಾಮಾಳವಗೌಳ ರಾಗ. ಮೇಲಿನ ಷಡ್ಜಕ್ಕೆ ಏರಿ, ಅಲ್ಲಿ ಉಸಿರು ಸಾಲದೆ ನಿಂತು, ಮತ್ತೆ ಮೊದಲಿನಿಂದ. ಅಷ್ಟು ದೂರದ ಎಳೆಯ ದನಿ ಪಕ್ಕದಲ್ಲೇ ಹಾಡಿದಷ್ಟು ಸ್ಫುಟ. ಇದಕ್ಕೆ ಕಾರಣವೂ ಉಂಟು. ರಾತ್ರಿಯಿಡೀ ತಣಿದ ಕಣಿವೆಯಲ್ಲಿ ಮುಂಜಾನೆ ನೆಲದ ಬಳಿಯ ಗಾಳಿ ತಣ್ಣಗಿರುತ್ತದೆ, ಅದರ ಮೇಲಿನದು ಬೆಚ್ಚಗೆ. ಆಗ ಸದ್ದು ಆಕಾಶಕ್ಕೆ ಹರಿದುಹೋಗದೆ ಬಾಗಿ ಕೆಳಗೇ ಬರುತ್ತದೆ. ಸಮತಟ್ಟಾದ ನೀರು ಅದನ್ನು ನುಂಗದೆ ಮುಂದಕ್ಕೆ ಸಾಗಿಸುತ್ತದೆ. ಬೆಳಗಿನ ಸಾಧಕನಿಗೆ ಈ ಹೊಳೆಯೇ ಸಭಾಂಗಣ. ಇಲ್ಲಿ ಹಾಡಿದವನ ತಪ್ಪು ದಡದವರಿಗೆಲ್ಲ ಕೂಡಲೇ ಕೇಳಿಸುತ್ತದೆ. ಶ್ರುತಿಶುದ್ಧಿಗೆ ಇದಕ್ಕಿಂತ ಒಳ್ಳೆಯ ಗುರು ಬೇಕೆ?

ಆರ್.ಕೆ. ಪದ್ಮನಾಭ ಅವರು ಹುಟ್ಟೂರಿಗೆ ತೀರಿಸಿದ ಋಣವೆಂಬಂತೆ ಇಲ್ಲಿ ಸಪ್ತಸ್ವರ ದೇವತಾ ಧ್ಯಾನಮಂದಿರ ನಿಂತಿದೆ. ಕಟ್ಟಡದ ಆಕಾರವೇ ತಂಬೂರಿ: ನೆಲಕ್ಕೂರಿದ ಬುರುಡೆ, ಮೇಲಕ್ಕೆ ನೀಳವಾಗಿ ಏರಿದ ದಂಡಿ. ಸ್ವರಕ್ಕೊಬ್ಬ ದೇವತೆಯೆಂಬುದು ಹಳೆಯ ಕಲ್ಪನೆ; 13ನೇ ಶತಮಾನದ ಶಾರ್ಙ್ಗದೇವ ತನ್ನ ಸಂಗೀತರತ್ನಾಕರದಲ್ಲಿ ಷಡ್ಜಕ್ಕೆ ಅಗ್ನಿ, ರಿಷಭಕ್ಕೆ ಬ್ರಹ್ಮ, ಗಾಂಧಾರಕ್ಕೆ ಸರಸ್ವತಿ, ಮಧ್ಯಮಕ್ಕೆ ಶಿವ, ಪಂಚಮಕ್ಕೆ ವಿಷ್ಣು, ಧೈವತಕ್ಕೆ ಗಣಪತಿ, ನಿಷಾದಕ್ಕೆ ಸೂರ್ಯ ಎಂದು ಹೇಳುತ್ತಾನೆ. ಇದನ್ನು ನೆನೆದಾಗ ರೋಮಾಂಚನವಾಯಿತು. ರಾಮನಾಥಪುರದಲ್ಲಿ ನಾನು ಮಿಂದ ಜಾಗದ ಪಕ್ಕದ ಮಡುವಿನ ಹೆಸರೂ ವಹ್ನಿ, ಅಂದರೆ ಅಗ್ನಿಯದೇ. ಷಡ್ಜದ ದೇವತೆಯೂ ಅವನೇ. ಆಧಾರ ಷಡ್ಜ ಹಿಡಿಯುವ ಮುನ್ನ ಒಂದು ಮುಳುಗು ಹಾಕು ಎಂದು ಈ ಕಣಿವೆಯೇ ಹೇಳಿಕೊಟ್ಟಂತಾಯಿತು.

ಊರಿನಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಸಂಗೀತೋತ್ಸವ ನಡೆಯುತ್ತ ಬಂದಿದೆ. ಬೆಂಗಳೂರು, ಮೈಸೂರು ಸೇರಿದ ಮನೆತನಗಳು ಆಗ ಹಿಂದಿರುಗುತ್ತವೆ, ಹೊಳೆಯ ಪಕ್ಕದಲ್ಲಿ ಕಛೇರಿಗಳು ಸಾಗುತ್ತವೆ. ಉಳಿದ ದಿನ ಬಂದವರೂ ಬರಿಗೈಯಲ್ಲಿ ಮರಳಬೇಕಿಲ್ಲ. ಮೆಟ್ಟಿಲಿದೆ, ನೀರಿದೆ, ಅದೃಷ್ಟವಿದ್ದರೆ ಒಂದು ಸರಳೆವರಿಸೆಯೂ ಇದೆ.

ಇಲ್ಲಿಂದ ಮುಂದೆ ಕಾವೇರಿ ಚುಂಚನಕಟ್ಟೆಯಲ್ಲಿ ಧುಮುಕಿ, ಕನ್ನಂಬಾಡಿಯಲ್ಲಿ ತಂಗಿ, ಪಿಟೀಲು ಚೌಡಯ್ಯನವರ ತಿರುಮಕೂಡಲಿನಲ್ಲಿ ಕಬಿನಿಯನ್ನು ಕೂಡಿ, ತಮಿಳು ನೆಲಕ್ಕಿಳಿದು ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಯ ಪಕ್ಕ ಹರಿಯುತ್ತಾಳೆ. ಪುಷ್ಯ ಬಹುಳ ಪಂಚಮಿಯಂದು ಅಲ್ಲಿ ಸಾವಿರ ಕಂಠಗಳು ಕೂಡಿ ಹಾಡುವಾಗ ಪಕ್ಕದಲ್ಲಿರುವ ಹೊಳೆ ರುದ್ರಪಟ್ಟಣದ ಮೆಟ್ಟಿಲನ್ನು ತೊಳೆದು ಬಂದದ್ದೇ. ತಿರುವಯ್ಯಾರಿಗೆ ಯಾತ್ರೆ ಹೋಗುವ ನಮ್ಮ ಸಂಗೀತಗಾರರು, ರಸಿಕರು ಒಮ್ಮೆ ಹೊಳೆಯ ಗುಂಟ ಮೇಲಕ್ಕೂ ಬರಬೇಕು. ತುಲಾ ಮಾಸದಲ್ಲಿ ಬನ್ನಿ, ಬೊಗಸೆ ನೀರು ಮೊದಲು ತಲೆಗೆ ಹಾಕಿಕೊಳ್ಳಿ, ರಾಮನಾಥಪುರದಲ್ಲಿ ಮಿಂದು ರುದ್ರಪಟ್ಟಣದಲ್ಲಿ ಒಂದು ಕೀರ್ತನೆ ಹಾಡಿ. ನೀರನ್ನು ಬಂದಾಗ ಇದ್ದಂತೆಯೇ ಬಿಟ್ಟುಹೋಗಿ. ಕೆಳಗಿನ ಊರುಗಳವರು ಅದಕ್ಕಾಗಿ ಕಾದಿರುತ್ತಾರೆ.