ಕೊಂಡಿ ಕಾಣುವ ಶಾಲು

ಅಬರ್ಡೀನ್

ಪ್ರೀತಿಯ ಚಿಗವ್ವ,

ಫೋನಿನಲ್ಲಿ ಹೇಳಿದರೆ ನಗುತ್ತೀ, ಅದಕ್ಕೇ ಕಾಗದ. ನಿನಗೊಂದು ಶಾಲು ಹೆಣೆಯುತ್ತಿದ್ದೇನೆ. "ಇಳಕಲ್ಲಿನ ಬಿಸಲಾಗ ಉಣ್ಣಿ ಶಾಲು ಹೊದ್ದು ಎಲ್ಲಿ ಕೂಡ್ಲಿ?" ಅನ್ನಬೇಡ. ಇದರಲ್ಲಿ ಉಣ್ಣೆಗಿಂತ ತೂತೇ ಹೆಚ್ಚು.

ಇಲ್ಲಿಂದ ಸಂಜೆ ಹಡಗು ಹತ್ತಿದರೆ ಬೆಳಗಾಗುವಷ್ಟರಲ್ಲಿ ಶೆಟ್ಲೆಂಡ್ ದ್ವೀಪ. ಅಲ್ಲಿನ ಹೆಂಗಸರು ಕುರಿಯ ಕೊರಳ ಮೆತ್ತನೆ ಉಣ್ಣೆಯನ್ನು ಕತ್ತರಿ ಮುಟ್ಟಿಸದೆ ಕೈಯಿಂದಲೇ ಕಿತ್ತು, ಸಣ್ಣಗೆ ನೂತು, ಬೆರಳ ಉಂಗುರದೊಳಗೆ ತೂರುವಂಥ ಶಾಲು ಹೆಣೆಯುತ್ತಿದ್ದರು. ಅವರ ನಮೂನೆಗಳಲ್ಲಿ ಕಡಲ ಅಲೆ ಇದೆ. ನಮಗೆಲ್ಲಿಯ ಕಡಲು? ಅಲೆಯ ಜಾಗಕ್ಕೆ ನಾನು ನಮ್ಮ ಇಳಕಲ್ ಸೀರೆಯ ಸೆರಗಿನ ತೋಪು ತೆನೆ ತಂದೆ.

ಕಡ್ಡಿಗೆ ದಾರವನ್ನು ಸುಮ್ಮನೆ ಒಂದು ಸುತ್ತು ಹಾಕಿದರೆ ಅಲ್ಲೊಂದು ತೂತು ಹುಟ್ಟುತ್ತದೆ. ಕುಣಿಕೆ ಹೆಚ್ಚಾಗದಂತೆ ಪಕ್ಕದ ಎರಡನ್ನು ಕೂಡಿಸಿ ಒಂದು ಮಾಡಬೇಕು. ಆ ಜೋಡಿಯನ್ನು ಒಂದು ಕಡೆ ಎಡಕ್ಕೆ, ಇನ್ನೊಂದು ಕಡೆ ಬಲಕ್ಕೆ ವಾಲಿಸುತ್ತ ಹೋದರೆ ನಡುವೆ ತೆನೆ ಮೊನಚಾಗಿ ಏಳುತ್ತದೆ. ಸೆರಗಿನಲ್ಲಿ ಕೆಂಪಿನ ಮೇಲೆ ಬಿಳಿ ಇದ್ದದ್ದು ಇಲ್ಲಿ ಬರಿ ಗಾಳಿ.

ಆದರೆ ನಾನು ಈ ಕೆಲಸ ಹಿಡಿದದ್ದು ತೆನೆಗಾಗಿ ಅಲ್ಲ, ಕೊಂಡಿಗಾಗಿ. ನಮ್ಮ ಮನೆಯಲ್ಲಿ ಮಾತು ಬಂದಾಗೆಲ್ಲ ಮುತ್ಯಾನ ಮಗ್ಗ, ಮುತ್ಯಾನ ಕೈಚಳಕ. ಆದರೆ ಸೀರೆಯ ಒಡಲಿನ ಹತ್ತಿ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಎಳೆ ಎಳೆಯಾಗಿ ಕುಣಿಕೆಯೊಳಗೆ ಕುಣಿಕೆ ಹಾಕಿ ಈ ಕೊಂಡಿ ಕೂಡಿಸುತ್ತ ಕೂತವಳು ಆಯಿ. ಒಂದೊಂದು ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕು. ಹತ್ತು ಸೀರೆಗಾಗುವಷ್ಟು ಹಾಸನ್ನು ಒಂದೇ ಸಲ ಏರಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಆ ಕೆಲಸದ ಕೂಲಿ ಬೇರೆಯಾಗಿ ಅವಳ ಕೈಗೆ ಬಂದದ್ದನ್ನು ನೀನು ನೋಡಿದ್ದೀಯಾ? ನಾನಂತೂ ಕೇಳಿಲ್ಲ. (ಅವ್ವನ ಮುಂದೆ ಇದನ್ನು ಓದಬೇಡ, ತನ್ನ ಅಪ್ಪನ ಹೆಸರು ತೆಗೆದೆ ಅಂತ ಸಿಟ್ಟಾಗುತ್ತಾಳೆ.)

ಶೆಟ್ಲೆಂಡಿನ ಹಳೆಯ ಶಾಲುಗಳಲ್ಲೂ ನಡುಭಾಗ, ಸುತ್ತಿನ ಪಟ್ಟಿಗಳನ್ನು ಬೇರೆ ಬೇರೆ ಹೆಣೆದು ಕೂಡಿಸುವುದುಂಟು. ಕೂಡಿಸಿದ ಗೆರೆ ಕಣ್ಣಿಗೆ ಬೀಳಬಾರದು, ಅದರಲ್ಲೇ ಹೆಚ್ಚುಗಾರಿಕೆ. ನಾನು ಅದೊಂದನ್ನು ಮಾತ್ರ ಒಪ್ಪಿಲ್ಲ. ಶಾಲು ಪೂರ್ತಿ ಚಂದ್ರಕಾಳಿ ಸೀರೆಯ ಕಪ್ಪು, ಕೂಡಿಸುವ ನೂಲು ಕೆಂಪು. ದೂರದಿಂದಲೂ ಕಾಣಲಿ.

ಹೆಣೆದು ಮುಗಿದ ಮೇಲೆ ನೀರಿನಲ್ಲಿ ನೆನೆಸಿ, ಎಳೆದು, ಸುತ್ತಲೂ ಗುಂಡುಸೂಜಿ ಚುಚ್ಚಿ ಒಣಗಿಸಬೇಕು. ಅಲ್ಲಿಯತನಕ ಇದು ಮುದುಡಿದ ಅರಿವೆಯ ಮುದ್ದೆ, ಫೋಟೊ ಕೇಳಬೇಡ.

ಈಗ ಉಳಿದದ್ದು ಅಂಚು, ಅದನ್ನು ಆಯಿಯ ಸೀರೆಯ ದಡಿಯಂತೆ ಹೆಣೆಯಬೇಕು. ಆಯಿಯ ಚಂದ್ರಕಾಳಿ ನಿನ್ನ ಟ್ರಂಕಿನಲ್ಲೇ ಇದೆಯಲ್ಲ, ಅದರ ದಡಿ ಗೋಮಿಯೋ ಚಿಕ್ಕಿ ಪರಾಸವೋ? ನನಗೆ ಗೋಮಿ ಅಂತ ನೆನಪು, ಅವ್ವ ಅಲ್ಲ ಅನ್ನುತ್ತಾಳೆ. ತೆಗೆದು ನೋಡಿ ವಾಟ್ಸಾಪ್ ಮಾಡು. ಮಡಿಕೆ ಬದಲಿಸಿ ಇಡು, ಇಲ್ಲದಿದ್ದರೆ ಗೆರೆಗೆ ಸರಿಯಾಗಿ ಹರಿಯುತ್ತದೆ.

ನಿನ್ನ
ಸಣ್ಣವ್ವ