ಬ್ರೂಕ್‌ಲ್ಯಾಂಡ್ಸ್: ಯಂತ್ರಗಳ ಒರೆಗಲ್ಲು

ಲಂಡನ್ನಿನಿಂದ ನೈಋತ್ಯಕ್ಕೆ ಸುಮಾರು 20 ಮೈಲಿ ಸಾಗಿದರೆ ವೇಬ್ರಿಜ್ ಎಂಬ ಊರು. ಅಲ್ಲಿ ಮರಗಳ ನಡುವೆ, ಹಾಳುಬಿದ್ದ ಕೋಟೆಯ ಗೋಡೆಯಂತೆ, ಕಾಂಕ್ರೀಟಿನ ಏರಿಯೊಂದು ಬಾಗಿ ನಿಂತಿದೆ. ಮೋಟಾರು ಪಂದ್ಯಗಳಿಗೆಂದೇ ನಿರ್ಮಿತವಾದ ಮೊದಮೊದಲ ಪಥಗಳಲ್ಲೊಂದಾದ ಬ್ರೂಕ್‌ಲ್ಯಾಂಡ್ಸ್ ಇದೇ.

ಆ ಕಾಲದಲ್ಲಿ ಇಂಗ್ಲೆಂಡಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿಯ ವೇಗವನ್ನು ಮೀರುವುದು ಅಪರಾಧವಾಗಿತ್ತು. ಎಂಜಿನಿನ ನಿಜವಾದ ಬಲವನ್ನು ಪರೀಕ್ಷಿಸಲು ತಾಣವೇ ಇರಲಿಲ್ಲ. ಈ ಕೊರತೆಯನ್ನು ಕಂಡ ಹ್ಯೂ ಲಾಕ್ ಕಿಂಗ್ ಎಂಬ ಶ್ರೀಮಂತನು ತನ್ನ ಜಮೀನಿನಲ್ಲಿಯೇ, ಸ್ವಂತ ಹಣದಿಂದ, ಎರಡೂಮುಕ್ಕಾಲು ಮೈಲಿ ಸುತ್ತಳತೆಯ ಪಥವನ್ನು 1907ರಲ್ಲಿ ಕಟ್ಟಿಸಿದನು. ಅದರ ಅಗಲ 100 ಅಡಿ. 1909ರಲ್ಲಿ ಪಕ್ಕದಲ್ಲೇ ಪರೀಕ್ಷೆಯ ದಿಬ್ಬವೊಂದು ಎದ್ದಿತು. 352 ಅಡಿ ಉದ್ದದ ಆ ದಾರಿ, ಅತಿ ಕಡಿದಾದ ಕಡೆ ನಾಲ್ಕು ಅಡಿಗೆ ಒಂದು ಅಡಿ ಏರುತ್ತದೆ.

1913ರ ಫೆಬ್ರವರಿಯಲ್ಲಿ ಪರ್ಸಿ ಲ್ಯಾಂಬರ್ಟ್ ಇಲ್ಲಿ ಟಾಲ್ಬಟ್ ಕಾರನ್ನೇರಿ, ಒಂದೇ ಗಂಟೆಯಲ್ಲಿ 103 ಮೈಲಿಗೂ ಹೆಚ್ಚು ದೂರ ಓಡಿಸಿದನು. ಗಂಟೆಯೊಳಗೆ ನೂರು ಮೈಲಿ ಕ್ರಮಿಸಿದವರಲ್ಲಿ ಆತನೇ ಮೊದಲಿಗ. ಅದೇ ವರ್ಷದ ಅಕ್ಟೋಬರ್ 31ರಂದು ಮತ್ತೊಂದು ದಾಖಲೆಗೆ ಯತ್ನಿಸುತ್ತಿದ್ದಾಗ ಟಯರು ಸಿಡಿಯಿತು, ಲ್ಯಾಂಬರ್ಟ್ ಮಡಿದನು. ಎಂಜಿನಿನ ಶಕ್ತಿಗೆ ಟಯರು ಸರಿಸಾಟಿಯಾಗಲಿಲ್ಲ.

ಆ ವರ್ಷವೇ ಡಿ.ಎಫ್.ಪಿ. ಎಂಬ ಫ್ರೆಂಚ್ ಕಾರುಗಳ ವ್ಯಾಪಾರಿ ಡಬ್ಲ್ಯು. ಓ. ಬೆಂಟ್ಲಿ, ಅವುಗಳ ಕಾರ್ಖಾನೆಗೆ ಹೋಗಿದ್ದನು. ಅಲ್ಲಿ ಕಾಗದ ಹಾರದಂತೆ ಇಟ್ಟಿದ್ದ, ಪಿಸ್ಟನಿನ ಆಕಾರದ ಅಲ್ಯೂಮಿನಿಯಂ ತುಂಡೊಂದು ಆತನ ಕಣ್ಣಿಗೆ ಬಿದ್ದಿತು. ಪಿಸ್ಟನು ಪ್ರತಿ ಹೊಡೆತದ ಕೊನೆಯಲ್ಲಿ ನಿಂತು ಹಿಂದಿರುಗಬೇಕು. ಭಾರವಾದ ಎರಕಹೊಯ್ದ ಕಬ್ಬಿಣದ ಪಿಸ್ಟನಿದ್ದರೆ, ವೇಗ ಹೆಚ್ಚಿದಂತೆಲ್ಲ ಉಳಿದ ಭಾಗಗಳ ಮೇಲಿನ ಸೆಳೆತ ಅಪಾಯಕರವಾಗುತ್ತದೆ. ಅಲ್ಯೂಮಿನಿಯಂ ಹಗುರ, ಕಾವನ್ನು ಬೇಗ ಸಾಗಿಸಿಬಿಡುತ್ತದೆ. ಆದರೆ ಎಂಜಿನಿನ ಉರಿಯಲ್ಲಿ ಅದು ಉಳಿದೀತೆ?

ನೂರಕ್ಕೆ 12 ಭಾಗ ತಾಮ್ರವನ್ನು ಬೆರೆಸಿದ ಮಿಶ್ರಲೋಹದಿಂದ ಪಿಸ್ಟನುಗಳು ಸಿದ್ಧವಾದವು. ಉತ್ತರ ದೊರೆತದ್ದು ಈ ಪಥದ ಮೇಲೆಯೇ. 1914ರಲ್ಲಿ ಬೆಂಟ್ಲಿಯ ಎರಡು ಲೀಟರಿನ ಪುಟ್ಟ ಕಾರು ಇಲ್ಲಿ ಗಂಟೆಗೆ 89 ಮೈಲಿಯ ವೇಗವನ್ನು ಮುಟ್ಟಿತು, ಪಿಸ್ಟನುಗಳು ಕರಗಲಿಲ್ಲ. ಅದೇ ವರ್ಷ ಯುದ್ಧ ತೊಡಗಿತು. ಬೆಂಟ್ಲಿ ತನ್ನ ಗುಟ್ಟನ್ನು ನೌಕಾ ಇಲಾಖೆಗೆ ಒಪ್ಪಿಸಿದನು. ಹಗುರ ಪಿಸ್ಟನುಗಳು ವಿಮಾನಗಳ ಎಂಜಿನುಗಳನ್ನು ಹೊಕ್ಕವು.

1939ರಲ್ಲಿ ಪಂದ್ಯಗಳು ನಿಂತವು. ಪಥದ ಹಲವು ಭಾಗಗಳು ಅಳಿದಿವೆ, ಉಳಿದಲ್ಲಿ ವಸ್ತುಸಂಗ್ರಹಾಲಯವಿದೆ. ವಿಶೇಷ ದಿನಗಳಲ್ಲಿ ಹಳೆಯ ಕಾರುಗಳು ಇಂದಿಗೂ ದಿಬ್ಬದ ಬುಡಕ್ಕೆ ಬಂದು ನಿಲ್ಲುತ್ತವೆ. ಎಂಜಿನು ಒಮ್ಮೆ ಗುಡುಗುತ್ತದೆ. ನೆರೆದವರ ಕತ್ತುಗಳೆಲ್ಲ ಏರಿನತ್ತ ಹೊರಳುತ್ತವೆ.