ಟೊಂಕ ಕಟ್ಟಿ ಓಡಿ



ನಮ್ಮ ಕಾಮಠಿಗೆ ಫುಟ್‌ಬಾಲ್ ಹುಚ್ಚು ಹೊಸದೇನಲ್ಲ. ದಂಡಿನ ಊರು ಇದು. ಸಂಜೆಯಾದರೆ ಮೈದಾನದಲ್ಲಿ ಧೂಳು ಏಳುತ್ತದೆ. ನನ್ನ ಮಗಳು ಆ ಧೂಳಿನಲ್ಲೇ ಆಡಿ ಬೆಳೆದವಳು. ಹದಿನಾರನೆಯ ವಯಸ್ಸಿನಲ್ಲಿ ಒಂದು ಸಂಜೆ ಚೆಂಡಿಗಾಗಿ ಜಿಗಿದವಳು, ಯಾರೂ ತಳ್ಳದೆ, ಯಾರೂ ಎಡವಿಸದೆ, ನೆಲಕ್ಕೆ ಇಳಿಯುವಾಗ ಮೊಣಕಾಲು ಒಳಕ್ಕೆ ವಾಲಿ ಬಿದ್ದುಬಿಟ್ಟಳು. ಹರಿದಿರಲಿಲ್ಲ, ಉಳುಕಿತ್ತು ಅಷ್ಟೆ. ಆದರೆ ನಾನು, "ಸಾಕು ತಾಯಿ, ಇನ್ನು ಈ ಆಟ ಬೇಡ" ಎಂದುಬಿಟ್ಟೆ. ಎಂಟು ದಿನ ಅವಳು ನನ್ನೊಡನೆ ಮಾತಾಡಲಿಲ್ಲ.

ಬಾವು ಇಳಿದ ಮೇಲೆ ಫಿಸಿಯೋಥೆರಪಿಯವರು ಅವಳನ್ನು ಒಂಟಿ ಕಾಲಿನಲ್ಲಿ, ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ಅದೂ ಪೆಟ್ಟಾಗದ ಕಾಲಿನ ಮೇಲೆ! ಮೈದಾನವನ್ನು ಹತ್ತು ಸುತ್ತು ಓಡುವ ಹುಡುಗಿ, ಐದು ಎಣಿಸುವುದರೊಳಗೆ ಓಲಾಡಿ ಗೋಡೆ ಹಿಡಿದಳು. ಅವರು ನಕ್ಕು ಹಿಂದಿಯಲ್ಲಿ ಹೇಳಿದ್ದರ ಸಾರ ಇಷ್ಟು: "ಕಾಲಲ್ಲಿ ಬಲವಿದೆ. ಆ ಬಲಕ್ಕೆ ಸುದ್ದಿ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿಲ್ಲ."

ಅಲ್ಲಿಯವರೆಗೆ ಶಕ್ತಿ ಎಂದರೆ ತೋಳು ತೊಡೆಗಳ ದಪ್ಪ ಎಂದೇ ನಾನು ತಿಳಿದಿದ್ದೆ. ಆಮೇಲೆ ಓದಿ ತಿಳಿದುಕೊಂಡೆ. ವ್ಯಾಯಾಮ ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ಸ್ನಾಯು ಅಷ್ಟಾಗಿ ಬೆಳೆದಿರುವುದಿಲ್ಲ, ಆದರೂ ಬಲ ಹೆಚ್ಚುತ್ತದೆ. ಇದ್ದ ಸ್ನಾಯುವಿನ ಹೆಚ್ಚು ಎಳೆಗಳನ್ನು ಒಟ್ಟಿಗೆ ಕರೆಯಲು ಮಿದುಳು, ನರಗಳು ಕಲಿಯುವುದೇ ಇದಕ್ಕೆ ಮುಖ್ಯ ಕಾರಣ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇನ್ನೊಂದು ಸೋಜಿಗವನ್ನು ಕಂಡರು. ನಾವು ಕಾಲು ಎತ್ತುವ ಮುನ್ನವೇ ಹೊಟ್ಟೆಯ ಒಳಪದರದ ಸ್ನಾಯು ಬಿಗಿಯಾಗಿ ನಡುವನ್ನು ಹಿಡಿದಿರುತ್ತದೆ. ಬೆನ್ನುನೋವು ಇರುವವರಲ್ಲಿ ಈ ಬಿಗಿ ತಡವಾಗಿ ಬರುತ್ತಿತ್ತು. ಮೊದಲು ನಡು, ಆಮೇಲೆ ಕಾಲು. ಆ ಸರದಿಯನ್ನು ಕಾಯುವುದು ನರ.

ನಿಮ್ಮ ಕೋಚ್ 'ಕೋರ್' ಎನ್ನುವುದು ಇದನ್ನೇ. ನಮ್ಮ ಹಿರಿಯರು ದೊಡ್ಡ ಕೆಲಸಕ್ಕೆ ಇಳಿಯುವವರನ್ನು 'ಟೊಂಕ ಕಟ್ಟಿ ನಿಂತ' ಎನ್ನುತ್ತಿದ್ದರು, ಕೈಲಾಗದವನನ್ನು 'ನರ ಸತ್ತವನು' ಎಂದು ಬೈಯುತ್ತಿದ್ದರು. ಮಲ್ಲಖಾಂಬ ಎಂದರೆ ಮಹಾರಾಷ್ಟ್ರದ್ದು ಎಂದು ನೀವು ಶಾಲೆಯಲ್ಲಿ ಕೇಳಿರುತ್ತೀರಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ, 12ನೆಯ ಶತಮಾನದಲ್ಲೇ, ಜಟ್ಟಿಗಳು ಕಂಬದ ಮೇಲೆ ಮಾಡುವ ಸಾಧನೆಯ ಮಾತು ಬರುತ್ತದೆ. ಕಂಬದ ಮೇಲೆ ತೋಳೊಂದೇ ಸಾಲದು. ನಡು ಗಟ್ಟಿಯಿಲ್ಲದವನು ಜಾರಿ ಕೆಳಗೆ ಬರುತ್ತಾನೆ.

ಮಗಳಿಗೆ ಅವರು ಕಲಿಸಿದ್ದು ಫಿಫಾದವರು 2006ರಲ್ಲಿ ಸಿದ್ಧಪಡಿಸಿದ '11+' ಎಂಬ ಇಪ್ಪತ್ತು ನಿಮಿಷದ ಕ್ರಮ. ಮೊದಲು ನಿಧಾನ ಓಟ. ಆಮೇಲೆ ಮೊಳಕೈ ಊರಿ ಹಲಗೆಯಂತೆ ಮೈ ನೆಟ್ಟಗೆ ಹಿಡಿಯುವುದು, ಇಪ್ಪತ್ತರಿಂದ ಮೂವತ್ತು ಸೆಕೆಂಡು, ಮೂರು ಸಲ. ಚೆಂಡು ಹಿಡಿದು ಒಂಟಿ ಕಾಲಿನಲ್ಲಿ ಅರ್ಧ ನಿಮಿಷ. ಜಿಗಿದು, ಮೊಣಕಾಲು ಒಳಕ್ಕೆ ವಾಲದಂತೆ ಮೆತ್ತಗೆ ಇಳಿಯುವುದು. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ 125 ಕ್ಲಬ್ಬುಗಳಲ್ಲಿ ಇದನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಇದನ್ನು ಮಾಡಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರರಲ್ಲೊಂದು ಪಾಲು ಕಡಿಮೆ, ತೀವ್ರವಾದವು ಹೆಚ್ಚುಕಡಿಮೆ ಅರ್ಧ! ಹುಡುಗಿಯರ ಮೊಣಕಾಲಿನ ಮುಖ್ಯ ಕಟ್ಟು ಹುಡುಗರಿಗಿಂತ ಹೆಚ್ಚಾಗಿ ಹರಿಯುತ್ತದೆ. ತಾಯಂದಿರು ಇದನ್ನು ತಿಳಿದಿರಬೇಕು.

ಒಂಟಿ ಕಾಲಿನ ಕುಪ್ಪಳಿಕೆ ನೋಡಿದಾಗ ನನಗೆ ನಗು ಬಂತು. ಇದು ನಮ್ಮ ಕುಂಟೆಬಿಲ್ಲೆಯಲ್ಲವೇ? ಇಲ್ಲಿಯವರ ಲಂಗಡಿಯಲ್ಲವೇ? ಅಂಗಳದಲ್ಲಿ ಗೆರೆ ಎಳೆದು, ಬಿಲ್ಲೆ ಎಸೆದು, ಕುಂಟುತ್ತ ಗೆರೆ ತುಳಿಯದೆ ನಾವು ಬೆಳೆದೆವು. ನಿಮ್ಮ ಸಂಜೆಗಳನ್ನು ಟ್ಯೂಷನ್ ಕ್ಲಾಸುಗಳಿಗೆ ಕೊಟ್ಟವರೂ ನಾವೇ. ಆಟ ಬಿಡಿಸಲು ಹೊರಟ ನಾನು, ಆಟಕ್ಕೆ ಬೇಕಾದ ತಳಹದಿಯನ್ನು ಮೊದಲೇ ಬಿಡಿಸಿದ್ದೆನೆಂದು ಆಗ ಹೊಳೆಯಿತು.

ಎರಡು ಮಾತು ನೆನಪಿಡಿ. ನೋವಿದ್ದರೆ ಮೊದಲು ಡಾಕ್ಟರು, ಆಮೇಲೆ ಸಾಧನೆ. ಇನ್ನೊಂದು, ದಣಿದ ನರ ತಪ್ಪನ್ನೇ ಕಲಿಯುತ್ತದೆ. ಆದ್ದರಿಂದ ಇದನ್ನು ಆಟದ ಮುಂಚೆ, ಮೈ ಹಗುರವಾಗಿರುವಾಗ, ಸ್ವಲ್ಪವೇ ಆದರೂ ಸರಿಯಾಗಿ ಮಾಡಿ. ವಾರಕ್ಕೊಮ್ಮೆ ಎರಡು ಗಂಟೆ ಮಾಡುವುದಕ್ಕಿಂತ ಇಪ್ಪತ್ತು ನಿಮಿಷದಂತೆ ಹಲವು ದಿನ ಮಾಡುವುದು ಮೇಲು.

ನಾಲ್ಕು ತಿಂಗಳ ಮೇಲೆ ಮಗಳು ಮತ್ತೆ ಮೈದಾನಕ್ಕಿಳಿದಳು. ಅವಳು ಜಿಗಿದಾಗಲೆಲ್ಲ ನನ್ನ ಎದೆ ಈಗಲೂ ಧಸಕ್ಕೆನ್ನುತ್ತದೆ. ಆದರೆ ಬೇಡ ಎನ್ನುವುದಿಲ್ಲ. ಬೆಳಿಗ್ಗೆ ಹಾಲು ಕಾಯುವಷ್ಟು ಹೊತ್ತು ಅಡಿಗೆಮನೆಯ ಕಟ್ಟೆಗೆ ಒಂದು ಬೆರಳು ತಾಗಿಸಿ ನಾನೂ ಒಂಟಿ ಕಾಲಿನಲ್ಲಿ ನಿಲ್ಲುತ್ತೇನೆ. ಮೊದಲ ದಿನ ಏಳು ಎಣಿಸಿದ್ದೆ. ಈಗ ಮೂವತ್ತು ದಾಟಿದೆ. ನೀವೂ ಇಂದೇ ನಿಂತು ಎಣಿಸಿ ನೋಡಿ. ಕನ್ನಡದಲ್ಲೇ ಎಣಿಸಿದರೆ ನನಗೆ ಇನ್ನೂ ಸಂತೋಷ.